ಖಾಲಿ ಕೊಡ

ಬಾಗಿಲಲ್ಲೇ ಅತ್ತೆ ಜೋಗಮ್ಮ ಸೊಸೆ ಯಶೋಧಾಳ ಸೊಂಟದ ಕೊಡವನ್ನು ಬಗ್ಗಿಸಿ ನೋಡಿದಳು. ಹನಿ ನೀರೂ ಬೀಳಲಿಲ್ಲ. “ದಿನಾ ಖಾಲಿ ಕೊಡ ಇಟ್ಕೊಂಡು ಎಲ್ಲಿ ತಿರುಗ್ತಿ?”

“ದಮ್ಮಿನ ರೋಗಕ್ಕ ನಡೀಬೇಕು ಅಂದಾರ್ರಿ ಡಾಕ್ಟ್ರು. ಬರಿಗೈಲೆ ನಡದ್ರ ಮಂದಿ ಆಡ್ಕೊಂತಾರ, ಅದಕ್ಕ ಕೊಡ.” ಹೊಸಹಳ್ಳಿ ಕ್ರಾಸಿನವರೆಗೆ ಹೋಗಿ ಬಂದರೂ ಎದೆ ಸಿಳ್ಳೆ ಹಾಕಿರಲಿಲ್ಲ, ಆ ಹಿಗ್ಗು ಅವಳ ಮುಖದಲ್ಲಿ ಇನ್ನೂ ಇತ್ತು.

ಜೋಗಮ್ಮ ಅವಳ ಬೆನ್ನಿಗೆ ಕಿವಿಯಿಟ್ಟು ಕೇಳಿ, ಒಳಗಿದ್ದ ಮಗನನ್ನು ಕೂಗಿದಳು. “ಹುಲುಗಣ್ಣಾ, ಇಕಿ ದಮ್ಮು ಹೋಗೈತಿ. ನಾಳೆ ಮೆಕ್ಕಿಜೋಳ ಒಕ್ಕೋ ಮಷಿನ್ನಿಗೆ ಹೊರಗಿನ ಆಳು ಬ್ಯಾಡ, ಇಕೀನ ನಿಲ್ತಾಳ.”

“ಧೂಳಿಗೆ ಹೋಗಬ್ಯಾಡ ಅಂತನೂ ಹೇಳ್ಯಾರ್ರಿ,” ಎಂದಳು ಯಶೋಧಾ.

“ದಿನಾ ಅಷ್ಟು ನಡಿಯಾಕಿಗೆ ಧೂಳು ಏನ್ ಮಾಡ್ತೈತಿ?” ಗಂಡ ಒಳಗಿನಿಂದಲೇ ಅಂದ.

ಯಶೋಧಾ ಕೊಡ ಕೆಳಗಿಟ್ಟು, ಗೋಡೆ ಹಿಡಿದು, ಎದೆಯಲ್ಲಿ ಇಲ್ಲದ ಸಿಳ್ಳೆಯನ್ನು ಗಂಟಲಲ್ಲಿ ಹುಟ್ಟಿಸಿಕೊಂಡು ಕೆಮ್ಮತೊಡಗಿದಳು.