ರಾಹುಕಾಲ ಕಳೆದ ಮೇಲೆ

ತಲೆಯೊಳಗಿನ ಡಿಸ್ಕ್ ಹಳೆಯದಾದರೆ ಊರಿನವರೆಲ್ಲ ರುದ್ರಮುನಿಯ ಅಂಗಡಿಗೇ ಬರುತ್ತಿದ್ದರು. ಕಳೆದ ಮಂಗಳವಾರ ವಿಶಾಲಾಕ್ಷಮ್ಮನೂ ತನ್ನ ನೆನಪೆಲ್ಲವನ್ನೂ ಹೊಸ ಡಿಸ್ಕಿಗೆ ಕಾಪಿ ಮಾಡಿಸಿಕೊಂಡು ಹೋಗಿದ್ದಳು. ಇವತ್ತು ಹಳೆಯದನ್ನು ತೆಗೆಸಲು ಬಂದು ಕೂತರೆ, ರುದ್ರಮುನಿ ಪರದೆ ನೋಡಿ ತಲೆ ಕೆರೆದುಕೊಂಡ.

“ಅಮ್ಮಾ, ನೀವಿನ್ನೂ ಹಳೇದರಲ್ಲೇ ಓಡ್ತಿದೀರಿ. ಅವತ್ತು ರಾಹುಕಾಲ ಕಳೀಲಿ, ಆಮೇಲೆ ಹೊಸದನ್ನ ಶುರು ಮಾಡೋಣ ಅಂತಿದ್ದೆ. ಮರೆತೇಬಿಟ್ಟೆ.”

“ಏನಪ್ಪಾ ಹೀಗಂತೀಯ? ಹೊಸ ತಲೆ ಎಷ್ಟು ಹಗುರಾಗಿದೆ ಅಂತ ವಾರವೆಲ್ಲ ಹೇಳ್ಕೊಂಡು ತಿರುಗಿದೀನಿ! ಆ ಧೈರ್ಯದಲ್ಲೇ ತಂಗಿ ಸುಗುಣನ ಮನೆಗೂ ಹೋಗಿಬಂದೆ. ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ವಿ.”

“ಹೊಸದರಲ್ಲಿ ಈ ವಾರ ಇಲ್ಲಮ್ಮಾ. ಇನ್ನೊಂದು ಸಲ ಕಾಪಿ ಮಾಡೋಕೆ ಹಳೇದು ತಡೆಯಲ್ಲ.”

ಹಾಗಾದರೆ ಸುಗುಣನ ಮನೆಗೆ ಹೋದವಳು ಯಾರು, ಈಗ ಹೊಸದರಲ್ಲಿ ಏಳುವವಳು ಯಾರು? ವಿಶಾಲಾಕ್ಷಮ್ಮನಿಗೆ ಒಂದೂ ತಿಳಿಯಲಿಲ್ಲ. ಪೆನ್ನು ಕೇಳಿ, ಅಂಗೈ ಮೇಲೆ ಏನೋ ಬರೆದುಕೊಂಡು ಕಣ್ಣು ಮುಚ್ಚಿದಳು.

ರುದ್ರಮುನಿ ಹೊಸದನ್ನು ಶುರು ಮಾಡಿದ. ಕಣ್ಣು ತೆರೆದಾಗ ಅವಳಿಗೆ ಅದು ಇನ್ನೂ ಕಳೆದ ಮಂಗಳವಾರವೇ. “ರಾಹುಕಾಲ ಕಳೀತೇನಪ್ಪಾ?” ಎಂದಳು. ಅಂಗೈಯಲ್ಲಿ ತನ್ನದೇ ಅಕ್ಷರ ಕಂಡಿತು: ‘ಸುಗುಣ ಫೋನ್ ಮಾಡ್ತಾಳೆ. ಎತ್ತು.’

“ಅವಳ್ಯಾಕೆ ನಂಗೆ ಮಾಡ್ತಾಳೆ?” ಎಂದು ಗೊಣಗುತ್ತ ಸೆರಗಿನಿಂದ ಅಂಗೈ ಉಜ್ಜತೊಡಗಿದಳು. ಅಷ್ಟರಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು.