ಆಯೋಗದ ಪ್ರಶ್ನೆ

"ಅಪ್ಪ, ನಿನ್ನ ದಮ್ಮಯ್ಯ ಅಂತೀನಿ, ಇವತ್ತೊಂದು ದಿನ ಆ ಸೇತುವೆ ವಿಷಯ ಎತ್ತಬೇಡ," ಎಂದು ಮಗಳು ಮತ್ತೆ ಹೇಳಿದಳು. ಅವಳು ಮೆಚ್ಚಿದ ಹುಡುಗನ ತಾಯಿ ಮೊದಲ ಸಲ ಮನೆಗೆ ಬರುವವರಿದ್ದರು. ಅವರು ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ. ಹುಡುಗ ತಾಯಿಯ ಮಾತು ಮೀರುವವನಲ್ಲ.

"ನಾನೇನು ಚಿಕ್ಕ ಮಗುವೇನೇ?" ಎಂದು ಗೊಣಗುತ್ತ ಔಷಧಿ ಅಂಗಡಿಯವರು ಮೇಜಿನ ಮೇಲಿದ್ದ ದಪ್ಪ ಪುಸ್ತಕವನ್ನು ಕಪಾಟಿಗೆ ಸೇರಿಸಿದರು.

ಅವರ ಹುಚ್ಚು ಬೀದಿಗೆಲ್ಲ ಗೊತ್ತು. ಅವರು ಹುಡುಗರಾಗಿದ್ದಾಗ ದೊಡ್ಡ ಸೇತುವೆಯೊಂದು ಉದ್ಘಾಟನೆಯಾದ ವರ್ಷವೇ ನದಿಗೆ ಕುಸಿದಿತ್ತು. ಸಿಮೆಂಟಿಗೆ ಬೂದಿ ಬೆರೆಸಿದ್ದು ಬಯಲಾಗಿ ಸರ್ಕಾರವೇ ಉರುಳಿತ್ತು. ಆ ಹಗರಣದ ಮೇಲೆ ಬಂದ ಪುಸ್ತಕಗಳೆಲ್ಲ ಅವರ ಮನೆಯಲ್ಲಿದ್ದವು. ಗಿರಾಕಿ ಕೆಮ್ಮಿಗೆ ಔಷಧಿ ಕೇಳಿದರೂ ಕೊಡುವ ಮೊದಲು, "ಮಂತ್ರಿಯದೋ, ಗುತ್ತಿಗೆದಾರನದೋ, ಯಾರ ಕೈ ಇತ್ತು ಅಂತೀರಿ?" ಎನ್ನುವರು. ವಿಚಾರಣೆ ಮುಗಿಯುವುದಿಲ್ಲ, ವರದಿಯೂ ಬರುವುದಿಲ್ಲ. ಹಾಗಾಗಿ ಬೀದಿಯವರು ಅವರಿಗೆ 'ಆಯೋಗ' ಎಂದೇ ಹೆಸರಿಟ್ಟಿದ್ದರು.

ಹುಡುಗನ ತಾಯಿ ಬಂದರು. ಸಸಿಗಳ ನರ್ಸರಿ ನಡೆಸುವ ಹೆಂಗಸು. ಪುಟ್ಟದೊಂದು ಹೂಕುಂಡವನ್ನು ಎದೆಗವಚಿಕೊಂಡು ತಂದಿದ್ದರು. ಸೆಕೆಯಲ್ಲೂ ಶಾಲು ಹೊದ್ದಿದ್ದರು. ಮಗಳು ಓಡಿಹೋಗಿ ಕುಂಡ ಇಸಿದುಕೊಂಡಳು, ಚಹಾ ಲೋಟವನ್ನು ಅವರ ಬಲಕ್ಕೇ ಇಟ್ಟಳು. ಆಯೋಗ ಇದ್ಯಾವುದನ್ನೂ ಗಮನಿಸಲಿಲ್ಲ. ಅವರ ಜೀವವೆಲ್ಲ ಕಪಾಟಿನಲ್ಲಿತ್ತು.

"ತುಂಬ ಓದ್ತೀರಂತೆ," ಎಂದರು ಆಕೆ, ಮಾತಿಗೆ ಮಾತು ಅಂತ.

ಅಷ್ಟು ಸಾಕಾಯಿತು. "ಅಪ್ಪಾ..." ಎಂದಳು ಮಗಳು. ಕೇಳುವವರಾರು? ಪುಸ್ತಕ ಆಗಲೇ ಕೆಳಗಿಳಿದಿತ್ತು.

"ಒಂದೇ ಒಂದು ಫೋಟೋ ತೋರಿಸಿಬಿಡ್ತೀನಿ, ಅಮ್ಮ. ನೋಡಿ, ಇದು ಉದ್ಘಾಟನೆ ದಿನ. ಇವನೇ ಮಂತ್ರಿ, ಇವನು ಅವನ ಭಾವಮೈದ. ಹಿಂದೆ ಕತ್ತರಿ ತಟ್ಟೆ ಹಿಡ್ಕೊಂಡು ಹಲ್ಲು ಕಿರೀತಿದಾನಲ್ಲ, ಅವನು ಇಂಜಿನಿಯರ್. ಎಷ್ಟು ಓದಿದ್ರೂ ಸಾಕಾಗಲ್ಲ ರೀ, ಪತ್ತೇದಾರಿ ಕಾದಂಬರಿ ಇದ್ದ ಹಾಗಿದೆ!"

ಆಕೆ ಬಹಳ ಹೊತ್ತು ಫೋಟೋ ನೋಡಿದರು. "ಬಿದ್ದ ದಿನ ಸೇತುವೆ ಮೇಲೆ ಯಾರ್ಯಾರಿದ್ರು ಅಂತ ಬರೆದಿದಾರಾ?"

"ಅದು... ಒಂದು ಬಸ್ಸು ಇತ್ತು ಅಂತಿದೆ. ಜನ ಇದ್ರು." ಅವರು ಸರಸರ ಪುಟ ಮಗುಚಿದರು. "ಅದಿರಲಿ, ಮುಖ್ಯವಾದ್ದು ಇಲ್ಲಿದೆ. ಇದನ್ನ ಓದಿ ನೀವೇ ಹೇಳಿ, ನಿಜವಾಗಿ ಯಾರ ಕೈ ಇತ್ತು?" ಎನ್ನುತ್ತ ಪುಸ್ತಕವನ್ನು ಆಕೆಯತ್ತ ಚಾಚಿಯೇಬಿಟ್ಟರು.

ಆಕೆ ಬಲಗೈಯಲ್ಲಿ ಹಿಡಿದರು. ಇಟ್ಟಿಗೆಯಂಥ ಪುಸ್ತಕ, ಒಂದು ಕೈಗೆ ನಿಲ್ಲುವುದೆಲ್ಲಿ? ಜಾರಿತು. ತಡೆಯಲು ಹೋದಾಗ ಶಾಲು ಸರಿಯಿತು. ಎಡತೋಳು ಮೊಣಕೈಗೇ ಮುಗಿದಿತ್ತು. ಪುಸ್ತಕ ದೊಪ್ಪನೆ ನೆಲಕ್ಕೆ ಬಿತ್ತು.

"ಆ ಬಸ್ಸಿನಲ್ಲಿ ನಾನಿದ್ದೆ," ಎಂದರು ಆಕೆ.

ಔಷಧಿ ಅಂಗಡಿಯವರು ಮಗಳ ಕಡೆ ತಿರುಗಿದರು. "ನಿನಗೆ ಗೊತ್ತಿತ್ತೇನೇ?"

"ಗೊತ್ತಿತ್ತು. ಹೇಳಿದ್ರೆ ನೀನು ಇವರನ್ನ ಸುಮ್ನೆ ಬಿಡ್ತಿದ್ಯಾ, ಅಪ್ಪ? ಹಿಡಿದು ಕೂರಿಸಿಕೊಂಡು ವಿಚಾರಣೆ ಮಾಡ್ತಿದ್ದೆ." ಅವಳ ಕಣ್ಣು ತುಂಬಿ ಬಂದವು. ಮದುವೆ ಮಾತು ಇಲ್ಲಿಗೆ ಮುಗಿಯಿತು ಅಂದುಕೊಂಡಳು.

ಔಷಧಿ ಅಂಗಡಿಯವರಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪಾಯಿತು ಎಂದು ಕೈ ಮುಗಿಯಲು ಹೋದರು; ಆಕೆಯ ಮುಂದೆ ಎರಡು ಕೈ ಜೋಡಿಸುವುದೂ ಸರಿಯಲ್ಲವೆನಿಸಿ ಹಾಗೇ ಇಳಿಬಿಟ್ಟರು.

ಆಕೆ ಶಾಲು ಸರಿಮಾಡಿಕೊಂಡು, ಹುಡುಗಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ, "ಬೀಗರೇ," ಎಂದರು. ಆ ಒಂದು ಮಾತಿಗೆ ಮಗಳಿಗೆ ಹೋದ ಜೀವ ಬಂದಂತಾಯಿತು.

"ಬೀಗರೇ, ಯಾರ ಕೈ ಇತ್ತು ಅಂತ ಕೇಳಿದ್ರಲ್ಲ. ನನ್ನದೊಂದಿತ್ತು. ಇನ್ನೂ ಆ ನದಿಯಲ್ಲೇ ಇದೆ."