ಮೂರನೆಯ ಪ್ಯಾಚ್

ಎರಡನೆಯ ಪ್ಯಾಚ್ ಫೈಲಿಗೆ ದನಿ ಕೊಟ್ಟು ಮುಗಿಸುವಷ್ಟರಲ್ಲಿ ವಿಮಲಾಕ್ಷಿಯ ಮಾತಿನಿಂದ ಕೋಪ ಹೊರಟುಹೋಗಿತ್ತು. ಅದೇನು ಹೊಸದಲ್ಲ. ಪಾರ್ಸೆಲ್ ಕಂಪನಿಯ ಫೋನು ಹತ್ತು ವರ್ಷದಿಂದ ಅವಳ ದನಿಯಲ್ಲೇ ಮಾತಾಡುತ್ತಿತ್ತು. ಸಾಫ್ಟ್‌ವೇರ್ ಬದಲಾಯಿಸುವ ಮುಂಚೆ ಅದು ಕೇಳಿದ ದನಿಗಳನ್ನೆಲ್ಲ ಒಂದೊಂದು ಪ್ಯಾಚ್ ಫೈಲಿಗೆ ಒಂದರಂತೆ ತುಂಬಬೇಕು. ತುಂಬಿದ್ದು ಕೊಟ್ಟವರಲ್ಲಿ ಉಳಿಯುವುದಿಲ್ಲ. ಮೊದಲನೆಯ ಪ್ಯಾಚಿಗೆ ನಗು ಹೋಗಿತ್ತು.

"ಇನ್ನೊಂದೇ ಅಕ್ಕಾ," ಎಂದ ಎಂಜಿನಿಯರ್ ಫಯಾಜ್, ಪಟ್ಟಿ ನೋಡುತ್ತ. "ಸಮಾಧಾನದ ದನಿ. ದೂರು ಹೇಳೋರಿಗೆ."

ಮೈಕಿನ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು. ಮನೆಯಲ್ಲಿ ಮರೆವಿನ ಕಾಯಿಲೆಯ ಅಮ್ಮ ದಿನಕ್ಕೆ ನಾಲ್ಕು ಸಲ, ಇದು ಯಾರ ಮನೆ ಎಂದು ಹೆದರಿ ಬಾಗಿಲಿಗೆ ಓಡುತ್ತಾಳೆ. ಅಮ್ಮ ಸುಮ್ಮನಾಗುವುದು ಮಗಳ ಆ ಒಂದು ದನಿಗೆ ಮಾತ್ರ.

"ಇದೊಂದು ಬಿಟ್ಬಿಡೋಕಾಗಲ್ವೇನಪ್ಪಾ?"

"ಒಂದು ಪ್ಯಾಚ್ ಕಮ್ಮಿಯಾದ್ರೂ ಅಪ್‌ಗ್ರೇಡ್ ಆಗಲ್ಲ ಅಕ್ಕಾ. ನೀವೂ ಸೈನ್ ಹಾಕಿದೀರ. ನನ್ ಕೈಲೇನಿದೆ ಹೇಳಿ? ಸದ್ಯ, ಕೋಪ ಮೊದ್ಲೇ ಹೋಯ್ತು, ಇಲ್ದಿದ್ರೆ ನಂಗೆ ಬೈಗುಳದ ಅಭಿಷೇಕ ಆಗ್ತಿತ್ತು!"

ಬೈಯಲು ಬಾಯಿ ತೆರೆದಳು. ಬೈಗುಳ ಪಾರ್ಸೆಲ್ಲಿನ ಮೇಲಿನ ವಿಳಾಸ ಓದಿದಂತೆ ಕೇಳಿಸಿತು. ಕೊನೆಗೆ ಮೈಕಿಗೆ ಬಾಗಿ, ಪರದೆಯ ಮೇಲಿದ್ದ ಸಾಲನ್ನು ಅಮ್ಮನನ್ನು ನೆನೆದು ಹೇಳಿದಳು: "ಗಾಬರಿ ಬೇಡ, ನಾನಿದೀನಿ."

ಹಸಿರು ದೀಪ ಹತ್ತಿತು.

"ಈ ದನಿ ಫೋನಲ್ಲಿ ಭಾನುವಾರನೂ ಬರುತ್ತಾ?" ಅವಳ ಮಾತೀಗ ಒಣಗಿತ್ತು.

"ಹಗಲೂ ರಾತ್ರಿ ಬರುತ್ತೆ. ಯಾಕಕ್ಕಾ?"

"ಸುಮ್ನೆ ಕೇಳ್ದೆ."

ಇನ್ನು ಅಮ್ಮ ಹೆದರಿದಾಗಲೆಲ್ಲ ಕಂಪನಿಗೆ ಫೋನ್ ಮಾಡಿ, ದೂರಿಗಿರುವ ಮೂರನೆಯ ಗುಂಡಿ ಒತ್ತಿ, ಫೋನನ್ನು ಅಮ್ಮನ ಕಿವಿಗೆ ಹಿಡಿಯಬೇಕು ಎಂದು ಅವಳು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಳು.